ಹಳೆಯ ಡಿಶ್‌ವಾಷರ್ ಕೆಟ್ಟಿದೆಯೇ? ಹೊಸದನ್ನು ಕೊಳ್ಳುವ ಮುನ್ನ ನಿಮ್ಮ ಮನೆಯ ನೀರನ್ನು ಅರಿಯಿರಿ

ಕಾರವಾರ: ಕಾಳಿ ನದಿಯು ಅರಬ್ಬೀ ಸಮುದ್ರವನ್ನು ಸೇರುವೆಡೆಯಲ್ಲಿ, ನದಿಯ ದಕ್ಷಿಣ ದಂಡೆಯ ಮೇಲೆ ಇರುವ ಬಡಾವಣೆ ಕೋಡಿಬಾಗ. ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಕಡಲು. ಇಲ್ಲಿನ ಗಾಳಿಯಲ್ಲಿ ವರ್ಷವಿಡೀ ಉಪ್ಪಿನಂಶ ಇದ್ದೇ ಇರುತ್ತದೆ. ಕಿಟಕಿಯ ಸರಳು, ಗೇಟಿನ ತಿರುಗಣೆ, ಸೈಕಲ್ಲಿನ ಸರಪಳಿ, ಯಾವುದೂ ತುಕ್ಕಿನಿಂದ ಪಾರಾಗುವುದಿಲ್ಲ. ಇಂತಹ ಊರಿನ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುವ ಯಂತ್ರವೊಂದು ಎಷ್ಟು ಕಾಲ ಬಾಳೀತು?

ಈ ಪ್ರಶ್ನೆ ಈಗ ಅನೇಕ ಮನೆಗಳಲ್ಲಿ ಎದುರಾಗುತ್ತಿದೆ. 2020ರ ಲಾಕ್‌ಡೌನ್ ಸಂದರ್ಭದಲ್ಲಿ ಮನೆಗೆಲಸದವರು ಬರಲಾಗದೆ, ಮನೆಮಂದಿಯೆಲ್ಲ ಮೂರು ಹೊತ್ತೂ ಮನೆಯಲ್ಲೇ ಉಂಡಾಗ, ಅದುವರೆಗೆ ಶ್ರೀಮಂತರ ವಸ್ತು ಎನಿಸಿದ್ದ ಡಿಶ್‌ವಾಷರ್ ರಾಜ್ಯದ ಮಧ್ಯಮ ವರ್ಗದ ಮನೆಗಳನ್ನೂ ಪ್ರವೇಶಿಸಿತು. ಅಂದು ಕೊಂಡ ಯಂತ್ರಗಳು ಈಗ ಒಂದೊಂದಾಗಿ ಮುಷ್ಕರ ಹೂಡತೊಡಗಿವೆ. ಮೊದಲ ಸಲ ಕೊಳ್ಳುವಾಗ ಅನುಭವವಿರಲಿಲ್ಲ. ಅಂಗಡಿಯವರು ಹೇಳಿದ್ದನ್ನು ನಂಬಬೇಕಾಗಿತ್ತು. ಎರಡನೆಯ ಸಲ ಹಾಗಲ್ಲ. ಕೆಟ್ಟು ನಿಂತ ಹಳೆಯ ಯಂತ್ರವೇ ಒಂದು ಪಾಠವಾಗಿ ಕಣ್ಣೆದುರಿಗಿದೆ. ಅದು ಏಕೆ ಕೆಟ್ಟಿತು ಎಂಬುದನ್ನು ಅರಿಯದೆ ಹೊಸದನ್ನು ತಂದರೆ, ಅದೇ ಕಾರಣಕ್ಕೆ ಅದೂ ಕೆಡುತ್ತದೆ.

ಗಡಸು ನೀರು, ಉಪ್ಪು ನೀರು, ತೇವ, ವಿದ್ಯುತ್ ವ್ಯತ್ಯಯ, ದೂರದ ದುರಸ್ತಿ ಕೇಂದ್ರ: ಯಂತ್ರದ ಆಯುಷ್ಯವನ್ನು ನಿರ್ಧರಿಸುವ ಸಂಗತಿಗಳು ಇವು. ಕೋಡಿಬಾಗದಂತಹ ಅಳಿವೆಯ ಊರಿನಲ್ಲಿ ಇವುಗಳಲ್ಲಿ ಹೆಚ್ಚಿನವು ಒಟ್ಟಿಗೇ ಕಾಡುತ್ತವೆ. ಆದ್ದರಿಂದ ಇಲ್ಲಿಗೆ ಒಪ್ಪುವ ಯಂತ್ರವನ್ನು ಆರಿಸುವ ಕ್ರಮವನ್ನು ತಿಳಿದರೆ, ಬೆಂಗಳೂರು, ಹುಬ್ಬಳ್ಳಿ, ಕಲಬುರ್ಗಿಗಳ ಓದುಗರೂ ತಮ್ಮ ಮನೆಗೆ ತಕ್ಕಂತೆ ಅದನ್ನು ಅನ್ವಯಿಸಿಕೊಳ್ಳಬಹುದು.

ಯಂತ್ರ ಕೆಲಸ ಮಾಡುವ ಬಗೆ

ಅಮೆರಿಕದ ಇಲಿನಾಯ್ ರಾಜ್ಯದ ಜೋಸೆಫೀನ್ ಕೊಕ್ರೇನ್ ಎಂಬ ಮಹಿಳೆ 1886ರ ಡಿಸೆಂಬರ್ 28ರಂದು ಪಾತ್ರೆ ತೊಳೆಯುವ ಯಂತ್ರಕ್ಕೆ ಪೇಟೆಂಟ್ ಪಡೆದರು. ಪಾತ್ರೆಗಳನ್ನು ತಂತಿಯ ಗೂಡುಗಳಲ್ಲಿ ಜೋಡಿಸಿಟ್ಟು, ಅವುಗಳನ್ನು ಉಜ್ಜುವ ಬದಲು ಅವುಗಳ ಮೇಲೆ ನೀರನ್ನು ರಭಸದಿಂದ ಚಿಮ್ಮಿಸುವುದು ಅವರ ಯಂತ್ರದ ವಿಶೇಷವಾಗಿತ್ತು. 1893ರಲ್ಲಿ ಷಿಕಾಗೋದಲ್ಲಿ ನಡೆದ ವಿಶ್ವ ಮೇಳದಲ್ಲಿ ಅದು ಪ್ರದರ್ಶನಗೊಂಡಿತು. ಆದರೆ ಮೊದಲ ಗಿರಾಕಿಗಳು ಹೋಟೆಲುಗಳೇ ಹೊರತು ಮನೆಗಳಲ್ಲ. ಯಂತ್ರಕ್ಕೆ ಬೇಕಾಗುವಷ್ಟು ಬಿಸಿನೀರಿನ ವ್ಯವಸ್ಥೆ ಆಗ ಹೆಚ್ಚಿನ ಮನೆಗಳಲ್ಲಿ ಇರಲಿಲ್ಲ.

ಇಂದಿನ ಯಂತ್ರದ ತತ್ತ್ವವೂ ಅದೇ. ತಳದಲ್ಲಿ ಸಂಗ್ರಹವಾದ ಸ್ವಲ್ಪ ನೀರನ್ನು ಹೀಟರ್ ಕಾಯಿಸುತ್ತದೆ. ಪಂಪು ಆ ನೀರನ್ನು ತಿರುಗುವ ತೋಳುಗಳ ರಂಧ್ರಗಳ ಮೂಲಕ ಪಾತ್ರೆಗಳ ಮೇಲೆ ಮತ್ತೆ ಮತ್ತೆ ಚಿಮ್ಮಿಸುತ್ತದೆ. ಕ್ಷಾರೀಯ ಪುಡಿ ಜಿಡ್ಡನ್ನು ಬಿಡಿಸುತ್ತದೆ. ಪುಡಿಯಲ್ಲಿರುವ ಕಿಣ್ವಗಳು ಅನ್ನದ ಗಂಜಿಯನ್ನೂ ಮೀನು, ಮೊಟ್ಟೆ, ಬೇಳೆಗಳ ಅಂಟನ್ನೂ ಕರಗಿಸುತ್ತವೆ. ಕೊಳೆನೀರನ್ನು ಇನ್ನೊಂದು ಪಂಪು ಹೊರಹಾಕುತ್ತದೆ. ಕೊನೆಯ ಜಾಲಾಡುವಿಕೆಯ ಬಿಸಿಯಿಂದಲೇ ಪಾತ್ರೆಗಳು ಬಹುಪಾಲು ಒಣಗುತ್ತವೆ. ಹೀಗೆ ಒಂದೇ ನೀರು ಪದೇ ಪದೇ ಬಳಕೆಯಾಗುವುದರಿಂದ ಯಂತ್ರ ಬೇಡುವ ನೀರು ಕಡಿಮೆ. ಆದರೆ ಆ ನೀರಿನ ಗುಣ ಕೆಟ್ಟದ್ದಾಗಿದ್ದರೆ ಯಂತ್ರದ ಒಳಗಿನ ಪ್ರತಿಯೊಂದು ಭಾಗವೂ ಅದನ್ನು ಉಣ್ಣಬೇಕಾಗುತ್ತದೆ.

ದುರಸ್ತಿಯೋ, ವಿದಾಯವೋ?

ಯಂತ್ರ ನಿಂತ ಮಾತ್ರಕ್ಕೆ ಅದರ ಆಯುಷ್ಯ ಮುಗಿಯಿತೆಂದು ಭಾವಿಸಬೇಕಾಗಿಲ್ಲ. ಲಕ್ಷಣಗಳನ್ನು ನೋಡಿ ರೋಗವನ್ನು ಊಹಿಸಬಹುದು.

ನೀರು ಹೊರಹೋಗದೆ ತಳದಲ್ಲಿ ನಿಂತಿದ್ದರೆ, ಮೊದಲು ಸೋಸುಜಾಲರಿಯನ್ನು ತೆಗೆದು ನೋಡಿ. ಕರಾವಳಿಯ ಮನೆಗಳಲ್ಲಿ ಮೀನಿನ ಮುಳ್ಳು, ಲಿಂಬೆಯ ಬೀಜ, ತೆಂಗಿನ ನಾರು ಪಂಪಿನ ಬಾಯಿಗೆ ಸಿಲುಕುವುದು ಸಾಮಾನ್ಯ. ಇದು ಖರ್ಚಿಲ್ಲದ ದುರಸ್ತಿ. ನೀರು ಒಳಗೇ ಬರದಿದ್ದರೆ ನಲ್ಲಿ ಹಾಗೂ ಕೊಳವೆಯ ನಡುವಿನ ಸಣ್ಣ ಜಾಲರಿಯಲ್ಲಿ ಮರಳೋ ತುಕ್ಕಿನ ಚೂರೋ ಕಟ್ಟಿಕೊಂಡಿರುವ ಸಾಧ್ಯತೆಯೇ ಹೆಚ್ಚು. ಬಾಗಿಲ ಅಂಚಿನಿಂದ ಸೋರುತ್ತಿದ್ದರೆ ರಬ್ಬರ್ ಪಟ್ಟಿ ಬದಲಿಸಿದರೆ ಸಾಕಾದೀತು.

ನೀರು ಬಿಸಿಯಾಗದಿದ್ದರೆ ಅಥವಾ ಯಂತ್ರ ಚಾಲೂ ಮಾಡಿದೊಡನೆ ಮನೆಯ ವಿದ್ಯುತ್ ಕಡಿತಗೊಂಡರೆ ಹೀಟರ್‌ನಲ್ಲಿ ದೋಷವಿರಬಹುದು. ಹೀಟರ್ ಮತ್ತು ಪಂಪು ಒಂದೇ ಘಟಕವಾಗಿರುವ ಯಂತ್ರಗಳಲ್ಲಿ ಈ ದುರಸ್ತಿ ದುಬಾರಿ. ನಿಯಂತ್ರಣ ಫಲಕದ ಎಲೆಕ್ಟ್ರಾನಿಕ್ ಹಲಗೆ ಸುಟ್ಟಿದ್ದರೂ ಅಷ್ಟೇ. ತೇವ, ಉಪ್ಪುಗಾಳಿ ಮಾತ್ರವಲ್ಲ, ಬೆಚ್ಚಗಿನ ಜಾಗ ಹುಡುಕಿ ಒಳನುಗ್ಗುವ ಹಲ್ಲಿಯೂ ಇರುವೆಯೂ ಈ ಹಲಗೆಯ ವೈರಿಗಳು. ಇನ್ನು ಉಕ್ಕಿನ ತೊಟ್ಟಿಯಲ್ಲೇ ತುಕ್ಕು ಹಿಡಿದು ರಂಧ್ರ ಬಿದ್ದಿದ್ದರೆ ಆ ಯಂತ್ರಕ್ಕೆ ವಿದಾಯ ಹೇಳುವುದೇ ಸರಿ.

ಸಾಮಾನ್ಯವಾಗಿ ಇಂತಹ ಯಂತ್ರದಿಂದ ಸುಮಾರು 10 ವರ್ಷಗಳ ಸೇವೆಯನ್ನು ನಿರೀಕ್ಷಿಸಬಹುದು. ಯಂತ್ರಕ್ಕೆ ಏಳೆಂಟು ವರ್ಷ ದಾಟಿದ್ದು, ದುರಸ್ತಿಯ ವೆಚ್ಚ ಹೊಸ ಯಂತ್ರದ ಬೆಲೆಯ ಅರ್ಧವನ್ನು ಮೀರಿದರೆ ಬದಲಿಸುವುದು ಜಾಣತನ. ಅದಕ್ಕಿಂತ ಮೊದಲೇ ಕೆಟ್ಟಿದ್ದರೆ ಮಾತ್ರ ಕಾರಣವನ್ನು ಲಿಖಿತವಾಗಿ ಪಡೆಯಿರಿ. ದುರಸ್ತಿಗೆ ಬಂದವರು ಚೀಟಿಯಲ್ಲಿ ಬರೆದುಕೊಡುವ ಆ ಒಂದೆರಡು ಸಾಲು, ಮುಂದಿನ ಖರೀದಿಗೆ ಯಾವ ಜಾಹೀರಾತಿಗಿಂತಲೂ ಉತ್ತಮ ಮಾರ್ಗದರ್ಶಿ.

ಗಡಸು ಬೇರೆ, ಉಪ್ಪು ಬೇರೆ

ಖರೀದಿದಾರರು ಅತ್ಯಂತ ಹೆಚ್ಚು ಗೊಂದಲಕ್ಕೆ ಒಳಗಾಗುವ ವಿಷಯವಿದು. ನೀರಿನ ಗಡಸುತನಕ್ಕೆ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕಾರಣ. ನೀರು ಕಾದಾಗ ಇವು ಹೀಟರ್ ಮೇಲೆ, ತೋಳಿನ ರಂಧ್ರಗಳಲ್ಲಿ, ಗಾಜಿನ ಲೋಟಗಳ ಮೇಲೆ ಬಿಳಿಯ ಪದರವಾಗಿ ಕೂರುತ್ತವೆ. ಉತ್ತರ ಕರ್ನಾಟಕದ ಹಾಗೂ ಬೆಂಗಳೂರಿನ ಕೊಳವೆಬಾವಿಗಳ ನೀರಿನಲ್ಲಿ ಈ ತೊಂದರೆ ಹೆಚ್ಚು. ಇದನ್ನು ನಿವಾರಿಸಲೆಂದೇ ಯಂತ್ರದೊಳಗೆ ಮೃದುಕಾರಕ ಇರುತ್ತದೆ. ಅದರಲ್ಲಿರುವ ವಿಶೇಷ ರಾಳವು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಹಿಡಿದಿಟ್ಟುಕೊಂಡು ಅವುಗಳ ಬದಲಿಗೆ ಸೋಡಿಯಂ ಅನ್ನು ಬಿಟ್ಟುಕೊಡುತ್ತದೆ. ರಾಳದ ಈ ಶಕ್ತಿ ಕುಂದಿದಾಗ ಅದನ್ನು ಮರಳಿ ಪಡೆಯಲು ಯಂತ್ರಕ್ಕೆಂದೇ ಸಿಗುವ ಹರಳುಪ್ಪನ್ನು ತುಂಬಬೇಕು. ಅಡುಗೆಗೆ ಬಳಸುವ ಪುಡಿ ಉಪ್ಪನ್ನು ತುಂಬಬಾರದು. ಅದರಲ್ಲಿ ಬೆರೆಸಿರುವ ಗಂಟುನಿರೋಧಕ ಪದಾರ್ಥಗಳು ರಾಳಕ್ಕೆ ಹಾನಿಕರ.

ಆದರೆ ಅಳಿವೆಯ ದಂಡೆಯ ಬಾವಿನೀರಿನ ತೊಂದರೆ ಬೇರೆಯೇ. ಬೇಸಿಗೆಯಲ್ಲಿ ನದಿಯ ಸಿಹಿನೀರಿನ ಹರಿವು ಕ್ಷೀಣಿಸಿದಾಗ ಭರತದೊಂದಿಗೆ ಉಪ್ಪುನೀರು ಒಳಸರಿಯುತ್ತದೆ. ದಂಡೆಗೆ ಸಮೀಪದ ಬಾವಿಗಳ ನೀರು ಸಪ್ಪೆಯಿಂದ ಸವಳಿಗೆ ತಿರುಗುತ್ತದೆ. ಆ ನೀರಿನಲ್ಲಿರುವುದು ಸೋಡಿಯಂ ಕ್ಲೋರೈಡ್. ಮೃದುಕಾರಕವು ಕ್ಲೋರೈಡನ್ನು ಮುಟ್ಟುವುದೇ ಇಲ್ಲ. ‘ನಮ್ಮ ಯಂತ್ರದಲ್ಲಿ ಮೃದುಕಾರಕವಿದೆ, ಯಾವ ನೀರಾದರೂ ನಡೆಯುತ್ತದೆ’ ಎಂಬ ಮಾರಾಟಗಾರರ ಮಾತು ಇಲ್ಲಿ ನಿಲ್ಲುವುದಿಲ್ಲ. ಕ್ಲೋರೈಡ್ ಬೆರೆತ ನೀರು ಬಿಸಿಯಾದಾಗ ಸ್ಟೇನ್‌ಲೆಸ್ ಉಕ್ಕಿನ ಮೇಲಿರುವ ರಕ್ಷಣಾ ಪದರವನ್ನು ಭೇದಿಸಿ ಸೂಜಿಮೊನೆಯಂತಹ ಗುಳಿಗಳನ್ನು ಉಂಟುಮಾಡುತ್ತದೆ. ‘ತುಕ್ಕು ಹಿಡಿಯದ ಉಕ್ಕು’ ತುಕ್ಕು ಹಿಡಿಯುವುದು ಹೀಗೆ.

ಕುಡಿಯುವ ನೀರಿಗೆ ಸಂಬಂಧಿಸಿದ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಪ್ರತಿ ಲೀಟರಿಗೆ ಕ್ಲೋರೈಡ್ 250 ಮಿಲಿಗ್ರಾಂ ಹಾಗೂ ಒಟ್ಟು ಗಡಸುತನ 200 ಮಿಲಿಗ್ರಾಂ ಸ್ವೀಕಾರಾರ್ಹ ಮಿತಿಗಳು. ಬೇರೆ ಮೂಲವಿಲ್ಲದಿದ್ದಾಗ ಇವು ಕ್ರಮವಾಗಿ 1000 ಮತ್ತು 600 ಮಿಲಿಗ್ರಾಂವರೆಗೆ ಇರಬಹುದು. ಯಂತ್ರಕ್ಕೂ ಇದನ್ನೇ ಸ್ಥೂಲವಾದ ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಕ್ಲೋರೈಡ್ 250 ದಾಟಿದ್ದರೆ ಆ ಬಾವಿಯ ನೀರನ್ನು ಯಂತ್ರಕ್ಕೆ ಕೊಡದಿರುವುದು ಲೇಸು. ಪರೀಕ್ಷೆಗೆ ನೀರು ಕೊಡುವುದಾದರೆ ಏಪ್ರಿಲ್ ಅಥವಾ ಮೇ ತಿಂಗಳಲ್ಲಿ ಕೊಡಿ. ಮಳೆಗಾಲದಲ್ಲಿ ಪರೀಕ್ಷಿಸಿದರೆ ಬಾವಿ ಸುಳ್ಳು ಹೇಳುತ್ತದೆ.

ಕಾರವಾರ ನಗರಕ್ಕೆ ನಲ್ಲಿಯ ನೀರು ಬರುವುದು ಅಂಕೋಲಾ ತಾಲ್ಲೂಕಿನ ಗಂಗಾವಳಿ ನದಿಯಿಂದ. ನಲ್ಲಿ ಮತ್ತು ಬಾವಿ ಎರಡೂ ಇರುವ ಮನೆಯವರು ಮಾಡಬೇಕಾದ ಮೊದಲ ಕೆಲಸವೆಂದರೆ, ಯಂತ್ರಕ್ಕೆ ನಲ್ಲಿ ನೀರಿನ ತೊಟ್ಟಿಯಿಂದ ಪ್ರತ್ಯೇಕ ಕೊಳವೆ ಎಳೆಸುವುದು. ಕೊಳಾಯಿಗಾರನ ಅರ್ಧ ದಿನದ ಕೂಲಿ, ಹತ್ತಾರು ಸಾವಿರದ ಯಂತ್ರವನ್ನು ಉಳಿಸಬಲ್ಲದು.

ಅಳಿವೆಯಿಂದ ದೂರವಿರುವ ಜಂಬಿಟ್ಟಿಗೆ, ಅಂದರೆ ಚಿರೇಕಲ್ಲಿನ ನೆಲದ ಬಾವಿಗಳಲ್ಲಿ ನೀರು ಸಾಮಾನ್ಯವಾಗಿ ಮೃದು. ಅಲ್ಲಿಯೂ ಒಂದು ಎಚ್ಚರ ಬೇಕು. ನೀರು ತೀರ ಮೃದುವಾಗಿದ್ದು, ಪುಡಿ ಹೆಚ್ಚಾಗಿ, ತಾಪಮಾನವೂ ಅಧಿಕವಾದರೆ ಗಾಜಿನ ಮೇಲ್ಮೈ ಸವೆದು ಶಾಶ್ವತವಾಗಿ ಮಂಕಾಗುತ್ತದೆ. ಹಳೆಯ ಯಂತ್ರದಲ್ಲಿ ತೊಳೆದ ಲೋಟ ಮಂಕಾಗಿದ್ದರೆ ಅದರ ಮೇಲೆ ಲಿಂಬೆರಸ ಅಥವಾ ವಿನೆಗರ್ ಸವರಿ ನೋಡಿ. ಮಂಕು ಹೋದರೆ ನೀರು ಗಡಸು. ಮೃದುಕಾರಕದ ಮಟ್ಟವನ್ನು ಏರಿಸಬೇಕು. ಹೋಗದಿದ್ದರೆ ಗಾಜು ಸವೆದಿದೆ. ಮಟ್ಟವನ್ನೂ ಪುಡಿಯನ್ನೂ ಇಳಿಸಬೇಕು. ಕೈಪಿಡಿಗಳಲ್ಲಿ ಗಡಸುತನವನ್ನು ಹೆಚ್ಚಾಗಿ ಜರ್ಮನ್ ಡಿಗ್ರಿಯಲ್ಲಿ ನಮೂದಿಸಿರುತ್ತಾರೆ. ಒಂದು ಜರ್ಮನ್ ಡಿಗ್ರಿ ಎಂದರೆ ಲೀಟರಿಗೆ ಸುಮಾರು 17.8 ಮಿಲಿಗ್ರಾಂ. ಪ್ರಯೋಗಾಲಯದ ವರದಿಯಲ್ಲಿರುವ ಅಂಕಿಯನ್ನು ಇದರಿಂದ ಭಾಗಿಸಿದರೆ ಯಂತ್ರಕ್ಕೆ ಬೇಕಾದ ಅಂಕಿ ದೊರೆಯುತ್ತದೆ.

ಉಪ್ಪುಗಾಳಿ ಮತ್ತು ಮಳೆಗಾಲ

ಯಂತ್ರದ ಒಳಗನ್ನು ನೀರು ಕಾಡಿದರೆ ಹೊರಗನ್ನು ಗಾಳಿ ಕಾಡುತ್ತದೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಹೀಗಾಗಿ ಅಂಗಡಿಯಲ್ಲಿ ಬಾಗಿಲ ಹೊಳಪನ್ನು ನೋಡಿ ಮರುಳಾಗಬೇಡಿ. ಬಗ್ಗಿ ನೋಡಬೇಕಾದ ಜಾಗಗಳು ಬೇರೆ ಇವೆ. ಯಂತ್ರದ ತಳ, ಹಿಂಬದಿಯ ತಗಡು, ಕಾಲುಗಳು ಬರಿಯ ಬಣ್ಣ ಬಳಿದ ಕಬ್ಬಿಣವೋ, ಸತುವಿನ ಲೇಪ ಇದೆಯೋ? ಪಾತ್ರೆಯ ಗೂಡುಗಳ ತಂತಿಯ ಮೇಲಿನ ಪ್ಲಾಸ್ಟಿಕ್ ಹೊದಿಕೆ ತುದಿಗಳಲ್ಲಿ ಸಂಪೂರ್ಣ ಮುಚ್ಚಿದೆಯೇ? ಹೊದಿಕೆ ಸುಲಿದ ಮೊದಲ ತಂತಿಯಿಂದಲೇ ತುಕ್ಕು ಆರಂಭವಾಗುತ್ತದೆ. ಗೂಡುಗಳು ಬಿಡಿಭಾಗವಾಗಿ ಸಿಗುತ್ತವೆಯೇ ಎಂದೂ ವಿಚಾರಿಸಿ.

ಕೆಲವು ಯಂತ್ರಗಳ ತೊಟ್ಟಿ ಪೂರ್ತಿ ಉಕ್ಕಿನದು. ಇನ್ನು ಕೆಲವುಗಳಲ್ಲಿ ಗೋಡೆ ಉಕ್ಕಿನದು, ತಳ ಮಾತ್ರ ಪ್ಲಾಸ್ಟಿಕ್ಕಿನದು. ಪ್ಲಾಸ್ಟಿಕ್ ತಳ ಕಂಡು ಅಗ್ಗದ ಮಾಲೆಂದು ಮೂಗು ಮುರಿಯುವವರಿದ್ದಾರೆ. ಸವಳು ನೀರಿನ ಊರಿನಲ್ಲಿ ನೀರು ನಿಲ್ಲುವ ಭಾಗವೇ ತುಕ್ಕು ಹಿಡಿಯದ ಪ್ಲಾಸ್ಟಿಕ್ಕಿನದಾಗಿದ್ದರೆ ಅದು ದೋಷವಲ್ಲ.

ಒಣಗಿಸುವ ವಿಧಾನವೂ ಮುಖ್ಯ. ಹೆಚ್ಚಿನ ಯಂತ್ರಗಳಲ್ಲಿ ಆವಿಯು ತಣ್ಣನೆಯ ಗೋಡೆಗೆ ತಾಗಿ ನೀರಾಗಿ ಇಳಿಯುವ ಕ್ರಮವಿದೆ. ಕೊನೆಯಲ್ಲಿ ತಾನಾಗಿ ಬಾಗಿಲು ತುಸು ತೆರೆದುಕೊಳ್ಳುವ ಯಂತ್ರಗಳಲ್ಲಿ ಪಾತ್ರೆ ಇನ್ನೂ ಚೆನ್ನಾಗಿ ಒಣಗುತ್ತದೆ. ಆದರೆ ಆ ಆವಿ ನೇರವಾಗಿ ಮೇಲಿನ ಪ್ಲೈವುಡ್ ಕಪಾಟಿಗೆ ಬಡಿದರೆ ಮರ ಉಬ್ಬುತ್ತದೆ. ಕಲ್ಲಿನ ಕಟ್ಟೆಯ ಕೆಳಗೆ ಇಡುವುದಾದರೆ ಚಿಂತೆಯಿಲ್ಲ. ಗೋಡೆಗೆ ಒತ್ತಿ ನಿಲ್ಲಿಸದೆ ಹಿಂದೆ ಗಾಳಿಯಾಡಲು ನಾಲ್ಕು ಬೆರಳಿನ ಜಾಗ ಬಿಡುವುದು ಒಳಿತು.

ವಿದ್ಯುತ್ತು ಮತ್ತು ನೀರಿನ ಒತ್ತಡ

ಮನೆಬಳಕೆಯ ಯಂತ್ರಗಳು ಸಾಮಾನ್ಯವಾಗಿ 1800ರಿಂದ 2400 ವಾಟ್ ವಿದ್ಯುತ್ತನ್ನು ಬೇಡುತ್ತವೆ. ಇದಕ್ಕೆ 16 ಆಂಪಿಯರಿನ ಪ್ರತ್ಯೇಕ ಸಾಕೆಟ್ ಅಗತ್ಯ. ಮಿಕ್ಸರಿಗೆ ಇರುವ ಸಾಕೆಟ್ಟಿನಿಂದ ತಂತಿ ಎಳೆಯುವುದು ಅಪಾಯಕ್ಕೆ ಆಹ್ವಾನ. ನೀರು ಮತ್ತು ಹೀಟರ್ ಒಟ್ಟಿಗಿರುವ ಯಂತ್ರವಾದ್ದರಿಂದ ಅರ್ಥಿಂಗ್ ಸಮರ್ಪಕವಾಗಿರಲೇಬೇಕು. ಮರಳುನೆಲದಲ್ಲಿ ಹೂತ ಅರ್ಥಿಂಗ್ ಕೊಳವೆ ಉಪ್ಪಿನಿಂದ ಸವೆಯುವುದುಂಟು, ಬೇಸಿಗೆಯಲ್ಲಿ ನೆಲ ಒಣಗಿ ಅದು ನಿಷ್ಪ್ರಯೋಜಕವಾಗುವುದೂ ಉಂಟು. ಹೊಸ ಯಂತ್ರ ಬರುವ ಮುನ್ನ ಪರವಾನಗಿ ಹೊಂದಿದ ಎಲೆಕ್ಟ್ರಿಷಿಯನ್‌ನಿಂದ ಅರ್ಥಿಂಗ್ ಪರೀಕ್ಷೆ ಮಾಡಿಸಿ, 30 ಮಿಲಿಆಂಪಿಯರಿನ ಸೋರಿಕೆ ನಿಯಂತ್ರಕ ಸಾಧನವನ್ನು ಅಳವಡಿಸಿಕೊಳ್ಳಬೇಕು.

ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವುದು ಉತ್ತರ ಕನ್ನಡಕ್ಕೆ ಹೊಸತಲ್ಲ. ತೊಳೆಯುವ ನಡುವೆ ವಿದ್ಯುತ್ ಹೋಗಿ ಬಂದರೆ ನಿಲ್ಲಿಸಿದಲ್ಲಿಂದಲೇ ಮುಂದುವರಿಯುವ ಯಂತ್ರವನ್ನು ಆರಿಸಿಕೊಳ್ಳಿ. ಮನೆಯ ಸಾಧಾರಣ ಇನ್ವರ್ಟರ್ ಈ ಹೀಟರಿನ ಭಾರವನ್ನು ಹೊರಲಾರದು. ವೋಲ್ಟೇಜ್ ಏರಿಳಿತ ಹೆಚ್ಚಿದ್ದರೆ ಸ್ಟೆಬಿಲೈಜರಿನ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಮೇಲ್ತೊಟ್ಟಿಯ ಎತ್ತರವನ್ನೂ ಅಳೆಯಿರಿ. ಪ್ರತಿ ಒಂದು ಮೀಟರ್ ಎತ್ತರಕ್ಕೆ ಸುಮಾರು 0.1 ಬಾರ್ ಒತ್ತಡ ದೊರೆಯುತ್ತದೆ. ಕನಿಷ್ಠ 0.5 ಬಾರ್ ಬೇಡುವ ಯಂತ್ರಕ್ಕೆ, ಅದರ ನಲ್ಲಿಗಿಂತ ಐದು ಮೀಟರ್ ಮೇಲೆ ತೊಟ್ಟಿಯ ನೀರಿನ ಮಟ್ಟ ಇರಬೇಕು. ಒಂದೇ ಅಂತಸ್ತಿನ ಹೆಂಚಿನ ಮನೆಯಲ್ಲಿ ಇದು ಸಾಧ್ಯವಾಗದು. 0.3 ಬಾರ್ ಒತ್ತಡದಲ್ಲೂ ನಡೆಯುವ ಮಾದರಿಯನ್ನು ಹುಡುಕಬೇಕು, ಇಲ್ಲವೇ ಸಣ್ಣ ಒತ್ತಡ ಪಂಪನ್ನು ಜೋಡಿಸಬೇಕು.

ಗಾತ್ರ: ನಮ್ಮ ಪಾತ್ರೆಗಳ ಲೆಕ್ಕ

ಯಂತ್ರದ ಸಾಮರ್ಥ್ಯವನ್ನು ‘ಪ್ಲೇಸ್ ಸೆಟ್ಟಿಂಗ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. ಅದು ಒಬ್ಬರು ಯುರೋಪಿನ ಪದ್ಧತಿಯಂತೆ ಉಣ್ಣಲು ಬೇಕಾಗುವ ತಟ್ಟೆ, ಬಟ್ಟಲು, ಲೋಟ, ಚಮಚಗಳ ಲೆಕ್ಕ. ನಮ್ಮಲ್ಲಿ ಊಟದ ತಟ್ಟೆಗಿಂತ ಅಡುಗೆಯ ಪಾತ್ರೆಯೇ ಹೆಚ್ಚು: ಕುಕ್ಕರ್, ಅನ್ನದ ತಪ್ಪಲೆ, ಸಾರಿನ ಬೋಗುಣಿ, ಬಾಣಲೆ, ಹಾಲಿನ ಪಾತ್ರೆ, ಮಿಕ್ಸರಿನ ಜಾರು. ಆದ್ದರಿಂದ 13 ಜನರ ಯಂತ್ರವೆಂದರೆ 13 ಮಂದಿಯ ಮನೆಗೆ ಸಾಕೆಂದು ಅರ್ಥವಲ್ಲ. ನಾಲ್ಕೈದು ಜನರ ಕುಟುಂಬಕ್ಕೆ 12ರಿಂದ 14ರ ಯಂತ್ರ ಬೇಕಾಗುತ್ತದೆ. ಇದರ ಅಗಲ 60 ಸೆಂಟಿಮೀಟರ್, ಎತ್ತರ ಸುಮಾರು 85 ಸೆಂಟಿಮೀಟರ್. 45 ಸೆಂಟಿಮೀಟರ್ ಅಗಲದ ಕಿರಿದಾದ ಯಂತ್ರಗಳೂ, ಕಟ್ಟೆಯ ಮೇಲಿಡುವ ಚಿಕ್ಕ ಯಂತ್ರಗಳೂ ಇಬ್ಬರೇ ಇರುವ ಮನೆಗೆ ಸಾಲುತ್ತವೆ.

ಅಂಗಡಿಗೆ ಹೋಗುವ ಹಿಂದಿನ ರಾತ್ರಿ, ಊಟದ ನಂತರದ ಎಲ್ಲ ಪಾತ್ರೆಗಳನ್ನು ನೆಲದ ಮೇಲೆ ಹರಡಿ ಒಂದು ಚಿತ್ರ ತೆಗೆದುಕೊಳ್ಳಿ. ಅತಿ ದೊಡ್ಡ ಪಾತ್ರೆಯ ವ್ಯಾಸವನ್ನೂ ಎತ್ತರವನ್ನೂ ಅಳೆದು ಬರೆದಿಟ್ಟುಕೊಳ್ಳಿ. ಮೇಲಿನ ಗೂಡನ್ನು ಏರಿಸಿ ಇಳಿಸುವ, ಕೆಳಗಿನ ಗೂಡಿನ ಕಡ್ಡಿಗಳನ್ನು ಮಡಚುವ ಸೌಲಭ್ಯವಿದ್ದರೆ ಮಾತ್ರ ದೊಡ್ಡ ಕುಕ್ಕರ್ ಹಿಡಿಯುತ್ತದೆ. ಸಾಧ್ಯವಾದರೆ ಆ ಪಾತ್ರೆಯನ್ನೇ ಚೀಲದಲ್ಲಿ ಒಯ್ದು ಅಂಗಡಿಯ ಯಂತ್ರದಲ್ಲಿಟ್ಟು ನೋಡುವುದರಲ್ಲಿ ಸಂಕೋಚವೇನೂ ಬೇಡ.

ಎಲ್ಲ ಪಾತ್ರೆಗಳೂ ಯಂತ್ರಕ್ಕೆ ಸಲ್ಲುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಅಲ್ಯೂಮಿನಿಯಂ ಪಾತ್ರೆ ಕ್ಷಾರೀಯ ಪುಡಿಗೆ ಕಪ್ಪಾಗುತ್ತದೆ. ಕಬ್ಬಿಣದ ಕಾವಲಿಯ ಪಳಗಿದ ಎಣ್ಣೆಯ ಪದರ ಕಿತ್ತುಹೋಗಿ ತುಕ್ಕು ಹಿಡಿಯುತ್ತದೆ. ಮೀನುಸಾರಿನ ಮಣ್ಣಿನ ಮಡಕೆ ಪುಡಿಯ ನೀರನ್ನು ಹೀರಿಕೊಳ್ಳುತ್ತದೆ. ಹಿತ್ತಾಳೆ, ತಾಮ್ರ, ಮರದ ಸಟ್ಟುಗ, ತೆಂಗಿನ ಚಿಪ್ಪಿನ ಸೌಟು ಇವೆಲ್ಲ ಕೈಯಲ್ಲೇ ತೊಳೆಯಬೇಕಾದವು. ಮನೆಯ ಅರ್ಧ ಪಾತ್ರೆಗಳು ಇವೇ ಆಗಿದ್ದರೆ ದೊಡ್ಡ ಯಂತ್ರದಿಂದ ಪ್ರಯೋಜನವಿಲ್ಲ.

ಕರಾವಳಿಯ ಅಡುಗೆಗೆ ಇನ್ನೆರಡು ಮಾತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಕಾಯಿಹಾಲು, ತೆಂಗಿನೆಣ್ಣೆಯ ಜಿಡ್ಡು ಕೊಳವೆಯಲ್ಲಿ ಕಟ್ಟದಿರಲು ವಾರಕ್ಕೊಮ್ಮೆಯಾದರೂ 65ರಿಂದ 70 ಡಿಗ್ರಿಯ ತೀವ್ರ ತೊಳೆತ ಇರುವ ಯಂತ್ರವೇ ಬೇಕು. ಬಂಗಡೆ, ತಾರ್ಲೆಯಂತಹ ಮೀನು ಬೇಯಿಸಿದ ಪಾತ್ರೆಯನ್ನು ಮೊದಲು ತಣ್ಣೀರಿನಲ್ಲಿ ಒಮ್ಮೆ ಜಾಲಾಡಬೇಕು. ನೇರ ಬಿಸಿನೀರು ತಾಗಿದರೆ ಅದರ ಅಂಟು ಬೆಂದು ಪಾತ್ರೆಗೆ ಕಚ್ಚಿಕೊಳ್ಳುತ್ತದೆ. ಮುಂಚಿತ ಜಾಲಾಡುವಿಕೆಯ ಪ್ರತ್ಯೇಕ ಗುಂಡಿ ಇದ್ದರೆ ಮಧ್ಯಾಹ್ನದ ಪಾತ್ರೆಗಳು ರಾತ್ರಿಯವರೆಗೆ ನಾರುವುದಿಲ್ಲ.

ಬೆಲೆ ಮತ್ತು ತಿಂಗಳ ಖರ್ಚು

2025ರ ಸೆಪ್ಟೆಂಬರ್ 22ರಿಂದ ಡಿಶ್‌ವಾಷರ್ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿದಿದೆ. ತೆರಿಗೆಗೆ ಮುನ್ನ 40,000 ರೂಪಾಯಿ ಬೆಲೆಯ ಯಂತ್ರಕ್ಕೆ ಮೊದಲು 51,200 ರೂಪಾಯಿ ತೆರಬೇಕಾಗಿದ್ದರೆ, ಈ ದರದಲ್ಲಿ 47,200 ರೂಪಾಯಿ. ಜಿಎಸ್‌ಟಿ ದೇಶಾದ್ಯಂತ ಒಂದೇ ಆಗಿರುವುದರಿಂದ, ಗಡಿ ದಾಟಿ ಗೋವಾದಲ್ಲಿ ಕೊಂಡರೆ ತೆರಿಗೆ ಉಳಿಯುತ್ತದೆಂಬ ಹಳೆಯ ಎಣಿಕೆಗೆ ಅರ್ಥವಿಲ್ಲ.

ಮಿತವ್ಯಯದ ಒಂದು ತೊಳೆತಕ್ಕೆ ಸುಮಾರು ಒಂದು ಯೂನಿಟ್ ವಿದ್ಯುತ್ತು, 10ರಿಂದ 12 ಲೀಟರ್ ನೀರು ತಗಲುತ್ತದೆ. ನಿಮಿಷಕ್ಕೆ ಆರು ಲೀಟರ್ ಬಿಡುವ ನಲ್ಲಿಯನ್ನು 20 ನಿಮಿಷ ತೆರೆದಿಟ್ಟು ತೊಳೆದರೆ ಹರಿದುಹೋಗುವುದು 120 ಲೀಟರ್. ಬೇಸಿಗೆಯಲ್ಲಿ ನೀರಿಗೆ ತತ್ವಾರವಾಗುವ ಊರುಗಳಲ್ಲಿ ಈ ವ್ಯತ್ಯಾಸ ಸಣ್ಣದಲ್ಲ. ಯೂನಿಟ್ಟಿಗೆ 6 ರೂಪಾಯಿ, ಒಂದು ಮಾತ್ರೆಗೆ 15 ರೂಪಾಯಿ ಎಂದು ಇಟ್ಟುಕೊಂಡರೆ, ದಿನಕ್ಕೊಮ್ಮೆ ತೊಳೆದಾಗ ತಿಂಗಳಿಗೆ 630 ರೂಪಾಯಿ. ಹರಳುಪ್ಪು, ಹೊಳಪಿನ ದ್ರವ ಸೇರಿದರೆ ಇನ್ನಷ್ಟು. ಮಾತ್ರೆಯ ಬದಲು ಪುಡಿ ಬಳಸಿದರೆ ಕೊಳೆಗೆ ತಕ್ಕಂತೆ ಪ್ರಮಾಣವನ್ನು ಇಳಿಸಬಹುದು.

ರಾಜ್ಯ ಸರ್ಕಾರವು 2023ರಲ್ಲಿ ಜಾರಿಗೆ ತಂದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇನ್ನೊಂದು ಲೆಕ್ಕ ಹಾಕಬೇಕು. ಮನೆಯ ಹಿಂದಿನ ಸರಾಸರಿ ಬಳಕೆಯ ಆಧಾರದ ಮೇಲೆ ಉಚಿತ ಯೂನಿಟ್‌ಗಳನ್ನು ನಿಗದಿಪಡಿಸಲಾಗಿದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಪಾವತಿಸಬೇಕಾಗುತ್ತದೆ. ಈಗಾಗಲೇ 180ರ ಆಸುಪಾಸಿನಲ್ಲಿರುವ ಮನೆಗೆ ತಿಂಗಳಿಗೆ 30 ಯೂನಿಟ್ ಸೇರಿದರೆ ಯಂತ್ರದ ನಿಜವಾದ ಖರ್ಚು ಬಿಲ್ಲಿನಲ್ಲಿ ಗೋಚರಿಸುತ್ತದೆ.

ವಿದೇಶಿ ಕಂಪನಿಗಳ ಯಂತ್ರದ ಮೇಲೆ ‘ಎ ಪ್ಲಸ್ ಪ್ಲಸ್ ಪ್ಲಸ್’ ಎಂಬ ಚೀಟಿ ಕಂಡರೆ ಬೆರಗಾಗಬೇಕಿಲ್ಲ. ಯುರೋಪ್ ಒಕ್ಕೂಟವು 2021ರ ಮಾರ್ಚ್ 1ರಿಂದ ಆ ಪ್ಲಸ್‌ಗಳನ್ನೆಲ್ಲ ಕೈಬಿಟ್ಟು, ‘ಎ’ಯಿಂದ ‘ಜಿ’ವರೆಗಿನ ಕಟ್ಟುನಿಟ್ಟಾದ ಶ್ರೇಣಿಯನ್ನು ಜಾರಿಗೊಳಿಸಿದೆ. ಪ್ಲಸ್ ಇರುವ ಚೀಟಿ ಹಳೆಯ ಶ್ರೇಣಿಯದು. ಚೀಟಿಯ ಅಕ್ಷರಕ್ಕಿಂತ ಒಂದು ತೊಳೆತಕ್ಕೆ ಎಷ್ಟು ಯೂನಿಟ್, ಎಷ್ಟು ಲೀಟರ್ ಎಂಬ ಅಂಕಿಗಳನ್ನು ಹೋಲಿಸುವುದೇ ಸೂಕ್ತ.

ದುರಸ್ತಿಗೆ ಬರುವವರು ಯಾರು?

ದೊಡ್ಡ ನಗರಗಳ ಓದುಗರಿಗೆ ಇದು ಪ್ರಶ್ನೆಯೇ ಅಲ್ಲದಿರಬಹುದು. ಆದರೆ ಜಿಲ್ಲಾ ಕೇಂದ್ರವಾದರೂ ಕಾರವಾರದಂತಹ ಊರಿನಲ್ಲಿ ತಂತ್ರಜ್ಞರು ಸ್ಥಳೀಯರೋ, ಹುಬ್ಬಳ್ಳಿಯಿಂದಲೋ ಮಡಗಾಂವದಿಂದಲೋ ಬರಬೇಕೋ ಎಂಬುದು ನಿರ್ಣಾಯಕ. ಮಳೆಗಾಲದಲ್ಲಿ ಘಟ್ಟದ ರಸ್ತೆಯಲ್ಲಿ ಮಣ್ಣು ಕುಸಿದರೆ ಬರುವವರು ಬರಲಾರರು. 2024ರ ಆಗಸ್ಟ್ 7ರ ನಸುಕಿನಲ್ಲಿ ಕೋಡಿಬಾಗವನ್ನು ಸದಾಶಿವಗಡಕ್ಕೆ ಜೋಡಿಸುವ ಕಾಳಿ ನದಿಯ ಹಳೆಯ ಸೇತುವೆ ಕುಸಿದಾಗ, ಗೋವಾದ ದಾರಿ ಎಷ್ಟು ಸೂಕ್ಷ್ಮವೆಂಬುದು ಊರಿಗೆಲ್ಲ ಅರಿವಾಯಿತು. ಹಣ ಕೊಡುವ ಮುನ್ನವೇ ಕಂಪನಿಯ ಸಹಾಯವಾಣಿಗೆ ಕರೆ ಮಾಡಿ ನಿಮ್ಮ ಪಿನ್‌ಕೋಡ್ ಹೇಳಿ, ತಂತ್ರಜ್ಞರು ಎಲ್ಲಿಂದ, ಎಷ್ಟು ದಿನದಲ್ಲಿ ಬರುತ್ತಾರೆಂದು ಕೇಳಿ. ನೆರೆಹೊರೆಯಲ್ಲಿ ಅದೇ ಕಂಪನಿಯ ಯಂತ್ರವಿರುವವರನ್ನೂ ವಿಚಾರಿಸಿ. ಹತ್ತು ಬಗೆಯ ತೊಳೆತಗಳಿರುವ, ದುರಸ್ತಿಗೆ ಯಾರೂ ಬಾರದ ಯಂತ್ರಕ್ಕಿಂತ, ಐದೇ ಬಗೆಯಿದ್ದರೂ ಎರಡು ದಿನದಲ್ಲಿ ರಿಪೇರಿಯಾಗುವ ಯಂತ್ರ ಮೇಲು.

ವಾರಂಟಿ ಪತ್ರದಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಇಡೀ ಯಂತ್ರಕ್ಕೆ ಎಷ್ಟು ವರ್ಷ, ಮೋಟಾರು ಹಾಗೂ ತೊಟ್ಟಿಗೆ ಎಷ್ಟು ವರ್ಷ? ಸವಳು ನೀರು, ಸಮುದ್ರದ ಗಾಳಿಯಿಂದಾದ ತುಕ್ಕನ್ನು ಹೊರತುಪಡಿಸಿದ್ದಾರೆಯೇ? ಬಿಡಿಭಾಗಗಳು ಎಷ್ಟು ವರ್ಷ ಸಿಗುತ್ತವೆ? ಯುರೋಪ್ ಒಕ್ಕೂಟದ ನಿಯಮದಂತೆ ಅಲ್ಲಿನ ಡಿಶ್‌ವಾಷರ್ ತಯಾರಕರು ಪ್ರಮುಖ ಬಿಡಿಭಾಗಗಳನ್ನು ಭಾಗಕ್ಕೆ ಅನುಗುಣವಾಗಿ ಕನಿಷ್ಠ 7 ಅಥವಾ 10 ವರ್ಷ ಒದಗಿಸಬೇಕು. ನಮ್ಮಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ‘ದುರಸ್ತಿಯ ಹಕ್ಕು’ ಜಾಲತಾಣವನ್ನು ಆರಂಭಿಸಿದೆ. ಅಂಗಡಿಯಲ್ಲಿ ಬಾಯಿಮಾತಿನ ಭರವಸೆ ನೀಡಿದರೆ ಅದನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.

ದೋಷಪೂರಿತ ಯಂತ್ರ ಅಥವಾ ಸೇವಾಲೋಪದ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಬಹುದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಂತೆ ಎರಡು ವರ್ಷದೊಳಗೆ ಜಿಲ್ಲಾ ಆಯೋಗದ ಮೊರೆ ಹೋಗಲೂ ಅವಕಾಶವಿದೆ. ಗ್ರಾಹಕರು ತಾವು ವಾಸಿಸುವ ಊರಿನ ಆಯೋಗದಲ್ಲೇ ದೂರು ಸಲ್ಲಿಸಬಹುದು. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ.

ಹಳೆಯದನ್ನು ಏನು ಮಾಡುವುದು?

2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳ ಪಟ್ಟಿಯಲ್ಲಿ ಪಾತ್ರೆ ತೊಳೆಯುವ ಯಂತ್ರವೂ ಸೇರಿದೆ. ಹಳೆಯದನ್ನು ಹೊಳೆಯ ದಂಡೆಗೆ ಎಸೆಯುವುದಾಗಲಿ, ತಂತಿ ಸುಟ್ಟು ತಾಮ್ರ ತೆಗೆಯುವವರ ಕೈಗೆ ಕೊಡುವುದಾಗಲಿ ಸಲ್ಲದು. ಹೊಸದನ್ನು ಕೊಳ್ಳುವಾಗ ವಿನಿಮಯದಲ್ಲಿ ಹಳೆಯದನ್ನು ಒಯ್ಯಲು ಕೇಳಿ, ಇಲ್ಲವೇ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿ. ಕೊಡುವ ಮುನ್ನ ಚೆನ್ನಾಗಿರುವ ಗೂಡು, ತೋಳು, ಜಾಲರಿಗಳನ್ನು ತೆಗೆದಿಟ್ಟುಕೊಂಡರೆ, ಅದೇ ಮಾದರಿ ಬಳಸುವ ಪರಿಚಿತರಿಗೆ ಉಪಯೋಗಕ್ಕೆ ಬರುತ್ತದೆ.

ಕೊನೆಯ ಮಾತು

ಮನೆಗೆ ಯಂತ್ರ ಕೊಳ್ಳುವಾಗ ಅಂಗಡಿಯಲ್ಲಿ ಮಾತಾಡುವವರು ಒಬ್ಬರು, ಮನೆಯಲ್ಲಿ ಪಾತ್ರೆ ತೊಳೆಯುವವರು ಇನ್ನೊಬ್ಬರು ಆಗಿರುವುದೇ ಹೆಚ್ಚು. ಯಾವ ಪಾತ್ರೆ ಎಲ್ಲಿ ತಳ ಹಿಡಿಯುತ್ತದೆ, ಯಾವ ತಿಂಗಳಲ್ಲಿ ಬಾವಿನೀರು ಉಪ್ಪಾಗುತ್ತದೆ, ಹಳೆಯ ಯಂತ್ರ ಮೊದಲು ಕೈಕೊಟ್ಟದ್ದು ಯಾವಾಗ ಎಂಬುದೆಲ್ಲ ಗೊತ್ತಿರುವುದು ಆ ಎರಡನೆಯವರಿಗೆ. ತೇವದಲ್ಲೇ ಇದ್ದು ಬಿರಿದ ಬೆರಳುಗಳು ಅವರವೇ. ಆದ್ದರಿಂದ ನೀರಿನ ಪರೀಕ್ಷಾ ವರದಿ, ದುರಸ್ತಿಗಾರರು ಬರೆದುಕೊಟ್ಟ ಚೀಟಿ, ದೊಡ್ಡ ಪಾತ್ರೆಯ ಅಳತೆ ಇವುಗಳೊಂದಿಗೆ ಅವರನ್ನೂ ಅಂಗಡಿಗೆ ಕರೆದೊಯ್ಯಿರಿ. ಪ್ರಶ್ನೆಗಳನ್ನು ಅವರೇ ಕೇಳಲಿ; ಆಯ್ಕೆಯೂ ಅವರದೇ ಆಗಲಿ.